ಸೋರುವ ಮಾಳಿಗೆ, ಒಂದು ಗಿಟಾರ್: 2008ರ ಆಲ್ಬಮ್ಮನ್ನ ಹುಮನಾಬಾದ್‌ನಲ್ಲಿ ಕೂತು ಕೇಳಿದಾಗ

ಇಯರ್‌ಫೋನ್ ಹಾಕ್ಕೊಂಡು ಬಸ್ಸಿನಲ್ಲಿ ಕೂತವರಿಗೂ, ರಾತ್ರಿ ಮಾಳಿಗೆ ಮೇಲೆ ಮಲಗಿ ಕೇಳೋರಿಗೂ ಸ್ವಾಗತ. ಈ ವಾರ ಒಂದು ಆಲ್ಬಂ ಬಗ್ಗೆ ಮಾತಾಡೋಣ. ಸಿನಿಮಾ ಹಾಡಿನ ಆಲ್ಬಂ ಅಲ್ಲ, ಭಾವಗೀತೆ ಕ್ಯಾಸೆಟ್ ಅಲ್ಲ, ದೇವರ ನಾಮದ ಸಿಡಿನೂ ಅಲ್ಲ. ಆಗ ಅದನ್ನ ಯಾವ ಹೆಸರಿಂದ ಕರೀಬೇಕು ಅನ್ನೋದೇ ಅಂಗಡಿಯವರಿಗೆ ಗೊತ್ತಿರಲಿಲ್ಲ.

ರಘು ದೀಕ್ಷಿತ್ ಅಂದರೆ ನಿಮಗೆ ಏನು ನೆನಪಾಗುತ್ತೆ? ಹೆಚ್ಚಿನವರು 'ಸೈಕೋ' ಸಿನಿಮಾದ ಮಾದೇಶ್ವರನ ಹಾಡು ಅಂತಾರೆ. ಇನ್ನು ಕೆಲವರು 'ಜಸ್ಟ್ ಮಾತ್ ಮಾತಲ್ಲಿ' ಅಂತಾರೆ. ಎರಡೂ ಸಿನಿಮಾ. ಆದರೆ 2008ರಲ್ಲೇ ಅವರ ಹೆಸರಿನದೇ ಒಂದು ಆಲ್ಬಂ ಬಂದಿತ್ತು. ಅದರ ಒಂದೆರಡು ಹಾಡು ಬಿಡಿಬಿಡಿಯಾಗಿ ನಮ್ಮ ಕಿವಿಗೆ ಬಿದ್ದಿದೆ. ಮೊದಲಿಂದ ಕೊನೆತನಕ ಒಂದೇ ಸಲ ಕೂತು ಕೇಳಿದವರು ನಮ್ಮ ಕಡೆ ಎಷ್ಟು ಮಂದಿ? ನನ್ನ ಗೆಳೆಯರ ಗುಂಪಲ್ಲಿ ಕೇಳಿದೆ. ಒಬ್ಬರೂ ಇಲ್ಲ.

ನಾನು ಇವತ್ತು ಹೇಳೋಕೆ ಹೊರಟಿರೋದು ಇಷ್ಟೇ. ಈ ಆಲ್ಬಮ್ಮನ್ನ ದೊಡ್ಡ ಊರಿನ ಮಂದಿ 'ಫ್ಯೂಷನ್', 'ಹೊಸ ಪ್ರಯೋಗ' ಅಂತ ಕರೆದರು. ಬಸವಕಲ್ಯಾಣ, ಹುಮನಾಬಾದ್ ಕಡೆಯಿಂದ ನೋಡಿದರೆ ಅದರಲ್ಲಿ ಹೊಸದು ಅಂದರೆ ಗಿಟಾರು, ಡ್ರಮ್ಮು ಅಷ್ಟೇ. ಉಳಿದದ್ದು ನಮ್ಮ ನೆಲದಲ್ಲಿ ನೂರೈವತ್ತು ವರ್ಷಕ್ಕೂ ಹಿಂದೆಯೇ ಇತ್ತು. ಹಂಗಿದ್ದರೂ ಆ ಆಲ್ಬಂ ನಮ್ಮ ಊರಿಗೇ ಬರಲಿಲ್ಲ. ಇದು ಹೇಗಾಯ್ತು ಅನ್ನೋದೇ ಇವತ್ತಿನ ಕಥೆ.

ಮೊದಲು ಆಲ್ಬಂ ಹುಟ್ಟಿದ ಬಗೆ ನೋಡೋಣ.

ರಘು ದೀಕ್ಷಿತ್ ಬೆಳೆದದ್ದು ಮೈಸೂರಲ್ಲಿ. ಓದಿದ್ದು ಮೈಕ್ರೋಬಯಾಲಜಿ. ಕಲಿತದ್ದು ಭರತನಾಟ್ಯ. ಗಿಟಾರ್ ಆಮೇಲೆ ಬಂದದ್ದು. ಮೊದಲು 'ಅಂತರಾಗ್ನಿ' ಅಂತ ಒಂದು ತಂಡ ಕಟ್ಟಿದರು. ಆ ತಂಡ ಚದುರಿದ ಮೇಲೆ 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ಶುರುವಾಯ್ತು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಕೊರಳಿಗೆ ಗಿಟಾರ್ ಹಾಕ್ಕೊಂಡು ಹಾಡೋ ಮನುಷ್ಯನನ್ನ ಕಂಡು ರೆಕಾರ್ಡ್ ಕಂಪನಿಗಳು ಬಹಳ ದಿನ ಬಾಗಿಲು ತೆರೆಯಲಿಲ್ಲ. ಆಲ್ಬಮ್ಮಿನಲ್ಲಿರೋ ಒಂದು ಇಂಗ್ಲಿಷ್ ಹಾಡಿನ ಹೆಸರೇ 'ಐ ಆಮ್ ಇನ್ ಮುಂಬೈ, ವೇಟಿಂಗ್ ಫಾರ್ ಎ ಮಿರಾಕಲ್'. ಮುಂಬೈಗೆ ಬಂದು ಪವಾಡಕ್ಕೆ ಕಾಯ್ತಾ ಕೂತಿದೀನಿ ಅಂತ. ಕೊನೆಗೆ ಆ ಪವಾಡ ಹಿಂದಿ ಸಿನಿಮಾದ ಸಂಗೀತ ಜೋಡಿ ವಿಶಾಲ್–ಶೇಖರ್ ರೂಪದಲ್ಲಿ ಬಂತು. ಅವರು 'ಕೌಂಟರ್ ಕಲ್ಚರ್ ರೆಕಾರ್ಡ್ಸ್' ಅಂತ ತಮ್ಮದೇ ಲೇಬಲ್ ಮಾಡಿ ಈ ಆಲ್ಬಂ ಹೊರಗೆ ತಂದರು.

ಅದರೊಳಗೆ ಏನಿದೆ ಅಂದರೆ, 'ಹೇ ಭಗವಾನ್', 'ಮೈಸೂರ್ ಸೇ ಆಯಿ', 'ಅಂಬರ್', 'ಖಿಡ್ಕಿ' ಇವು ಹಿಂದಿ. ಒಂದೆರಡು ಇಂಗ್ಲಿಷ್. ಇವುಗಳ ನಡುವೆ ಯಾವ ಪೀಠಿಕೆನೂ ಇಲ್ಲದೆ, ಯಾವ ಅನುವಾದನೂ ಇಲ್ಲದೆ ಎರಡು ಕನ್ನಡ ಹಾಡು: 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನಿಯ ಮಾಳಿಗಿ'. ಎರಡೂ ಶಿಶುನಾಳ ಶರೀಫರವು. 1889ರಲ್ಲಿ ತೀರಿಕೊಂಡ ಒಬ್ಬ ಸಂತ, 2008ರ ಒಂದು ಪಾಪ್ ಆಲ್ಬಮ್ಮಿನಲ್ಲಿ ಮುಂಬೈ ಹಾಡಿನ ಪಕ್ಕದಲ್ಲಿ ಕೂತಿದಾರೆ.

ಇನ್ನು ಈ ಆಲ್ಬಂ ನಮ್ಮ ಊರಿಗೆ ಯಾಕೆ ಬರಲಿಲ್ಲ ಅನ್ನೋದಕ್ಕೆ ಬರೋಣ.

ನಾನು ಬಿ.ಕಾಂ ಓದಿದವ. ಸಂಗೀತದ ಶಾಸ್ತ್ರ ನನಗೆ ಬರಲ್ಲ, ಆದರೆ ಅಂಗಡಿಯ ಲೆಕ್ಕ ಅರ್ಥ ಆಗುತ್ತೆ. ಕ್ಯಾಸೆಟ್ ಅಥವಾ ಸಿಡಿ ಅಂಗಡಿಯವ ಮಾಲು ತರಿಸುವಾಗ ಮೊದಲು ನೋಡೋದು, ಇದನ್ನ ಯಾವ ಸಾಲಿಗೆ ಇಡಲಿ ಅಂತ. ಕನ್ನಡ ಚಿತ್ರಗೀತೆ ಒಂದು ಸಾಲು. ಭಕ್ತಿಗೀತೆ ಒಂದು ಸಾಲು. ಜಾನಪದ, ಭಾವಗೀತೆ ಒಂದು ಸಾಲು. ಹಿಂದಿ ಬೇರೆ. ನಮ್ಮ ಕಡೆ ಇನ್ನೂ ಎರಡು ಸಾಲು ಸೇರಿಸಬೇಕು, ಮರಾಠಿ ಅಭಂಗ ಮತ್ತು ಉರ್ದು ಕವ್ವಾಲಿ. ಈಗ ಒಂದೇ ಸಿಡಿಯಲ್ಲಿ ಹಿಂದಿ, ಇಂಗ್ಲಿಷ್, ಶರೀಫರ ತತ್ವಪದ ಮೂರೂ ಇದ್ದರೆ ಅದನ್ನ ಎಲ್ಲಿ ಇಡೋದು? ಹಿಂದಿ ಗಿರಾಕಿಗೆ ನಡುವೆ ಕನ್ನಡ ಬಂತು. ಕನ್ನಡ ಗಿರಾಕಿಗೆ ಹೆಚ್ಚಿನ ಪಾಲು ಹಿಂದಿ, ಇಂಗ್ಲಿಷ್. ಮಾಲು ಬಿಕರಿ ಆಗದಿದ್ದರೆ ರೊಕ್ಕ ಅಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ. ಸಣ್ಣ ಊರಿನ ಅಂಗಡಿಯವ ಆ ರಿಸ್ಕ್ ಯಾಕೆ ತಗೋತಾನೆ?

ಅದರ ಮೇಲೆ ಆ ಹೊತ್ತಿಗೆ ಸಿಡಿ ಅಂಗಡಿಗಳೇ ಮುಚ್ಚುವ ಹಂತಕ್ಕೆ ಬಂದಿದ್ದವು. ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡ್ ಕೊಟ್ಟರೆ ಕಂಪ್ಯೂಟರಿಂದ ಹಾಡು ತುಂಬಿ ಕೊಡೋರು. ನಮ್ಮ ತಲೆಮಾರು ಸಂಗೀತ ಕೇಳಿದ್ದು ಆ ಕಾರ್ಡಿಂದಲೇ. ಆ ಕಂಪ್ಯೂಟರಿನಲ್ಲಿ ಫೋಲ್ಡರ್‌ಗಳು ಇರ್ತಿದ್ದವು: ಪುನೀತ್ ಹಿಟ್ಸ್, ಉಪೇಂದ್ರ ಹಿಟ್ಸ್, ಹಿಂದಿ ಸ್ಯಾಡ್, ಡಿಜೆ ರೀಮಿಕ್ಸ್, ಬಸವಣ್ಣ ಸಾಂಗ್ಸ್. ಹಾಡು ನಿಮ್ಮ ಕೈಗೆ ಬರಬೇಕು ಅಂದರೆ ಅದಕ್ಕೆ ಒಬ್ಬ ಹೀರೋ ಇರಬೇಕು, ಇಲ್ಲಾ ಒಬ್ಬ ದೇವರಿರಬೇಕು. ಎರಡೂ ಇಲ್ಲದ ಹಾಡಿಗೆ ಫೋಲ್ಡರ್ ಇರಲಿಲ್ಲ. ಫೋಲ್ಡರ್ ಇಲ್ಲ ಅಂದರೆ ಊರಿಗೆ ಬರೋ ದಾರಿನೇ ಇಲ್ಲ.

ಹೊರಗೆ ಮಾತ್ರ ದಾರಿ ತೆರೆದಿತ್ತು. 2010ರಲ್ಲಿ ರಘು ದೀಕ್ಷಿತ್ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು. 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವಕ್ಕೆ ಹೋಯ್ತು. ಅದೇ ವರ್ಷ ಬ್ರಿಟನ್ನಿನ 'ಸಾಂಗ್‌ಲೈನ್ಸ್' ಪತ್ರಿಕೆ ಹೊಸ ಕಲಾವಿದರ ಪ್ರಶಸ್ತಿ ಕೊಟ್ಟಿತು. ಶಿಗ್ಗಾಂವಿ ತಾಲೂಕಿನ ಒಂದು ಹಳ್ಳಿಯ ಪದ ಲಂಡನ್ನಿಗೆ ಮುಟ್ಟಿತು, ಹುಮನಾಬಾದಿಗೆ ಮುಟ್ಟಲಿಲ್ಲ.

ಸರಿ, ಈಗ ಹಾಡಿಗೆ ಬರೋಣ.

'ಸೋರುತಿಹುದು ಮನಿಯ ಮಾಳಿಗಿ'. ಇದನ್ನ ಬೆಂಗಳೂರಿನ ಅಪಾರ್ಟ್‌ಮೆಂಟಲ್ಲಿ ಕೂತು ಕೇಳೋದಕ್ಕೂ ಬಸವಕಲ್ಯಾಣದ ಹಳೇ ಓಣಿಯಲ್ಲಿ ಕೂತು ಕೇಳೋದಕ್ಕೂ ಫರಕ್ ಇದೆ. ನಮ್ಮ ಹಳೇ ಮನೆಗಳ ಮಾಳಿಗೆ ಮಣ್ಣಿಂದು. ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮೊದಲು ಮೇಲೆ ಹತ್ತಿ ಹೊಸ ಮಣ್ಣು ಹಾಕಿ ಒತ್ತಬೇಕು. ಆ ವರ್ಷ ಆಲಸ್ಯ ಮಾಡಿದಿರೋ, ನಡುರಾತ್ರಿ ಮಳೆಯಲ್ಲಿ ಬೋಗುಣಿ ಹಿಡ್ಕೊಂಡು ಓಡಾಡಬೇಕು. ಕತ್ತಲಲ್ಲಿ ಮೇಲೆ ಹತ್ತಿ ತೂತು ಎಲ್ಲಿದೆ ಅಂತ ಹುಡುಕೋಕೂ ಆಗಲ್ಲ. ಶರೀಫರು ಹೇಳೋದು ಈ ಮಾಳಿಗೆ ಬಗ್ಗೆನೇ. ಅವರ ಪದದಲ್ಲಿ ಮನೆ ಸೋರ್ತಿರೋದು ಅಜ್ಞಾನದಿಂದ. ಮನೆ ಅಂದರೆ ನಾವೇ. ಬಿಸಿಲಿದ್ದಾಗ ಮಾಡಬೇಕಾದ ರಿಪೇರಿ ಮಾಡದೆ, ಮಳೆ ಬಂದ ಮೇಲೆ ಅಳೋ ನಾವೇ.

ಸಿ. ಅಶ್ವತ್ಥ್ ಅವರ ದನಿಯಲ್ಲಿ ಈ ಪದ ಕೇಳಿದವರಿಗೆ ಅದರೊಳಗಿನ ನೋವು ಗೊತ್ತು. ಶರೀಫರ ಪದಗಳನ್ನ ಇಡೀ ಕರ್ನಾಟಕದ ಮನೆಮನೆಗೆ ತಲುಪಿಸಿದ್ದು ಅಶ್ವತ್ಥ್. 1990ರಲ್ಲಿ ಟಿ.ಎಸ್. ನಾಗಾಭರಣ ಅವರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂತು. ಶ್ರೀಧರ್ ಶರೀಫರಾದರು, ಗಿರೀಶ್ ಕಾರ್ನಾಡ್ ಗುರು ಗೋವಿಂದಭಟ್ಟರಾದರು, ಸಂಗೀತ ಅಶ್ವತ್ಥ್ ಅವರದೇ. ಅಲ್ಲಿಂದ ಮುಂದೆ ಶರೀಫರ ಪದ ಅಂದರೆ ಅಶ್ವತ್ಥ್ ಹಾಡಿದ ಹಂಗೇ ಇರಬೇಕು ಅನ್ನೋ ಭಾವನೆ ಗಟ್ಟಿಯಾಯ್ತು. ಹಾಗಾಗಿ ರಘು ದೀಕ್ಷಿತ್ ಗಿಟಾರ್, ಡ್ರಮ್ಸ್, ಪಿಟೀಲು ಇಟ್ಟುಕೊಂಡು ಹಾಡಿದಾಗ ಹಿರಿಯರು ಕೇಳೋ ಪ್ರಶ್ನೆ ಒಂದೇ. ಇದು ಶರೀಫರ ಪದನಾ? ಇಷ್ಟು ಜೋರಾ?

ನನಗೆ ಆ ಪ್ರಶ್ನೆ ಬಗ್ಗೆ ಗೌರವ ಇದೆ. ಆದರೂ ಒಂದು ಮಾತು ಕೇಳ್ರಿ. ಶರೀಫರು ತಮ್ಮ ಪದಕ್ಕೆ ಸ್ವರ ಬರೆದಿಟ್ಟು ಹೋಗಲಿಲ್ಲ. ಅವು ಬಾಯಿಂದ ಬಾಯಿಗೆ ಬಂದವು. ಏಕತಾರಿ, ದಮ್ಮಡಿ, ತಾಳ ಇಟ್ಕೊಂಡು ಭಜನಿ ಮೇಳದವರು ತಮ್ಮ ಊರಿನ ಧಾಟಿಯಲ್ಲಿ ಹಾಡ್ತಾ ಬಂದರು. ಅಶ್ವತ್ಥ್ ಹಾರ್ಮೋನಿಯಂ, ತಬಲಾ, ಸ್ಟುಡಿಯೋ ತಂದಾಗ ಅದೂ ಆ ಕಾಲಕ್ಕೆ ಹೊಸದೇ. ರಘು ದೀಕ್ಷಿತ್ ಅದೇ ಸಾಲಿನಲ್ಲಿ ಬಂದ ಇನ್ನೊಂದು ಮೇಳ ಅಷ್ಟೇ. ಭಜನಿಯಲ್ಲಿ ಮುಂದಿನವರು ಒಂದು ಸಾಲು ಹೇಳಿ ಹಿಂದಿನವರು ಎತ್ತಿಕೊಳ್ತಾರಲ್ಲ, ವೇದಿಕೆ ಮುಂದೆ ನಿಂತ ಮಂದಿ ಅವರ ಜೊತೆ ದನಿ ಸೇರಿಸೋದೂ ಅದೇ ಜಾಡಿನದು.

'ಗುಡುಗುಡಿ' ಹಾಡನ್ನ ನಮ್ಮ ವಯಸ್ಸಿನವರು ಪಾರ್ಟಿ ಹಾಡು ಅಂತ ಅಂದ್ಕೊಂಡಿದಾರೆ. ಹುಕ್ಕಾ ಹೆಸರು ಬಂತಲ್ಲ, ಅದಕ್ಕೆ. ಪೂರ್ತಿ ಕೇಳಿದರೆ ಅದು ತಂಬಾಕಿನ ವಿಷಯನೇ ಅಲ್ಲ ಅಂತ ತಿಳಿಯುತ್ತೆ. ಒಳಗಿನ ಕಸಕ್ಕೆ ಬೆಂಕಿ ಹಚ್ಚೋ ಮಾತದು. ತತ್ವಪದದ ಚಾಳಿನೇ ಹಿಂಗೆ. ಮನೆಯ ಸಾಮಾನು ತೋರಿಸಿ ಮನಸ್ಸಿನ ಲೆಕ್ಕ ಕೇಳೋದು. ಮಾಳಿಗೆ, ಗುಡುಗುಡಿ, ಬೀಸೋ ಕಲ್ಲು, ಬಿತ್ತೋ ಹೊಲ ಎಲ್ಲವೂ ಅಲ್ಲಿ ಬರುತ್ತೆ.

ಈಗ ಹುಮನಾಬಾದಿಗೆ ಬನ್ರಿ.

ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಹೋಗೋರಿಗೆ ಹುಮನಾಬಾದ್ ಅಂದರೆ ಚಾ ಕುಡಿಯೋ ಊರು. ಆದರೆ ಊರಿಗೆ ಹೊಂದಿಕೊಂಡೇ ಮಾಣಿಕನಗರ ಇದೆ. ಅಲ್ಲಿ ಮಾಣಿಕಪ್ರಭುಗಳ ಸಂಸ್ಥಾನ ಇದೆ. ಮಾಣಿಕಪ್ರಭುಗಳು ಹುಟ್ಟಿದ್ದು 1817ರ ಡಿಸೆಂಬರಿನಲ್ಲಿ, ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ. ಸಮಾಧಿಯಾದದ್ದು 1865ರಲ್ಲಿ, ಇದೇ ಮಾಣಿಕನಗರದಲ್ಲಿ. ಶರೀಫರು ಹುಟ್ಟಿದ್ದು 1819ರಲ್ಲಿ. ಅಂದರೆ ಇಬ್ಬರ ನಡುವೆ ಎರಡೇ ವರ್ಷದ ಅಂತರ. ಒಬ್ಬರು ನಿಜಾಮನ ರಾಜ್ಯದಲ್ಲಿ, ಇನ್ನೊಬ್ಬರು ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿ. ನಡುವೆ ಸರಹದ್ದು ಇತ್ತು, ರೊಕ್ಕದ ಚಲಾವಣೆನೂ ಬೇರೆ ಇತ್ತು. ಆದರೆ ಇಬ್ಬರೂ ಮಾಡಿದ ಕೆಲಸದಲ್ಲಿ ಎಷ್ಟು ಹೋಲಿಕೆ ನೋಡ್ರಿ.

ಶರೀಫರು ಮುಸ್ಲಿಂ ಮನೆಯಲ್ಲಿ ಹುಟ್ಟಿ ಬ್ರಾಹ್ಮಣ ಗುರು ಗೋವಿಂದಭಟ್ಟರ ಶಿಷ್ಯರಾದವರು. ಮಾಣಿಕಪ್ರಭುಗಳು ದತ್ತ ಸಂಪ್ರದಾಯದವರು, ಆದರೆ ಅವರು ಕಟ್ಟಿದ ದಾರಿಯ ಹೆಸರು 'ಸಕಲಮತ'. ಎಲ್ಲ ಮತಗಳೂ ಒಂದೇ ಕಡೆ ಮುಟ್ಟುತ್ತವೆ ಅನ್ನೋ ಮಾತು. ಅವರ ಭಕ್ತರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಅವರು ಪದ ಕಟ್ಟಿದ್ದು ಒಂದೇ ಭಾಷೆಯಲ್ಲಲ್ಲ. ಮರಾಠಿ, ಹಿಂದಿ, ಕನ್ನಡ, ತೆಲುಗು, ಸಂಸ್ಕೃತ ಎಲ್ಲದರಲ್ಲೂ. ಇವತ್ತಿಗೂ ದತ್ತ ಜಯಂತಿಗೆ ಮಾಣಿಕನಗರದಲ್ಲಿ ದರ್ಬಾರ್ ನಡೆಯುತ್ತೆ, ಸಂಗೀತಗಾರರು ಬಂದು ಸೇವೆ ಮಾಡ್ತಾರೆ. ಯಾವ ಭಾಷೆಯ ಪದ ಯಾವ 'ಸಾಲಿಗೆ' ಸೇರುತ್ತೆ ಅಂತ ಅಲ್ಲಿ ಯಾರೂ ಕೇಳಲ್ಲ.

ಇಲ್ಲಿ ಬೆಳೆದ ನಮಗೆ ಇದು ವಿಶೇಷ ಅಂತಾನೂ ಅನಿಸಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಗ್ಯಾರೇಜಿನಲ್ಲಿ ದಖನಿ, ಹೈದರಾಬಾದ್ ದವಾಖಾನಿಗೆ ಹೋದರೆ ತೆಲುಗು. ದಿನಕ್ಕೆ ನಾಲ್ಕು ಸಲ ಭಾಷೆ ಬದಲಾಯಿಸೋ ಮಂದಿ ನಾವು. ಹಂಗಾಗಿ ಒಂದು ಆಲ್ಬಮ್ಮಿನಲ್ಲಿ ಹಿಂದಿ ಮುಗಿದು ಕನ್ನಡ ಶುರುವಾದರೆ ನಮಗೆ ಎಡವಿದಂಗೆ ಆಗಲ್ಲ. ನನಗಂತೂ ಓಣಿಯ ಈ ತುದಿಯಿಂದ ಆ ತುದಿಗೆ ನಡೆದಂಗೆ ಅನಿಸಿತು. ಈ ಆಲ್ಬಮ್ಮನ್ನ ಎಲ್ಲರಿಗಿಂತ ಸಲೀಸಾಗಿ ಕೇಳಬಲ್ಲವರು ನಾವೇ ಅಂತ ನಾನು ಹೇಳೋದು ಇದಕ್ಕೇ.

ಇನ್ನೂ ಹಿಂದೆ ಹೋದರೆ ಬಸವಕಲ್ಯಾಣ ಸಿಗುತ್ತೆ. ಕಲ್ಯಾಣ ಅಂದ ಕೂಡಲೇ ಬಸವಣ್ಣ, ಅನುಭವ ಮಂಟಪ, ವಚನ ನೆನಪಾಗ್ತವೆ, ಆಗಲೇಬೇಕು. ಸಂಸ್ಕೃತ ಬಿಟ್ಟು ಮನೆಯ ಮಾತಲ್ಲಿ ದೊಡ್ಡ ವಿಷಯ ಹೇಳಿದವರು ಶರಣರು. ಶರೀಫರ ಮಾಳಿಗೆಯ ಬೇರು ಅಲ್ಲೇ ಇದೆ. ಆದರೆ ಅದಕ್ಕೂ ಸ್ವಲ್ಪ ಮೊದಲು ಇದೇ ಊರಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಹೊತ್ತಿಗೆ 'ಮಾನಸೋಲ್ಲಾಸ' ಬರೆದ. ಅಡುಗೆ, ಆನೆ, ಬೇಟೆ, ಆಟ ಎಲ್ಲದರ ಬಗ್ಗೆಯೂ ಇರೋ ದೊಡ್ಡ ಗ್ರಂಥ. ಅದರಲ್ಲಿ ಸಂಗೀತಕ್ಕೂ ದೊಡ್ಡ ಜಾಗ ಇದೆ. ಅಲ್ಲಿ ಹಾಡಿನ ಉದಾಹರಣೆ ಕೊಡುವಾಗ ಅವನು ಸಂಸ್ಕೃತಕ್ಕೇ ನಿಲ್ಲಲಿಲ್ಲ, ಕನ್ನಡ, ಮರಾಠಿ ಸೇರಿದಂತೆ ಹಲವು ದೇಶಭಾಷೆಗಳ ಹಾಡು ಸೇರಿಸಿದ. ಅವನ ಮಗ ಜಗದೇಕಮಲ್ಲ 'ಸಂಗೀತ ಚೂಡಾಮಣಿ' ಅಂತ ಸಂಗೀತಕ್ಕೇ ಒಂದು ಗ್ರಂಥ ಬರೆದ. ಒಂಬೈನೂರು ವರ್ಷದ ಹಿಂದೆ ಕಲ್ಯಾಣದಲ್ಲಿ ಕೂತ ರಾಜ ಒಂದೇ ಪುಸ್ತಕದಲ್ಲಿ ಹಲವು ಭಾಷೆಯ ಹಾಡು ಇಟ್ಟ. 2008ರ ಸಿಡಿ ಅಂಗಡಿಗೆ ಮೂರು ಭಾಷೆಯ ಒಂದು ಡಬ್ಬಿ ಇಡೋಕೆ ಜಾಗ ಸಿಗಲಿಲ್ಲ.

ಹಾಗಂತ ಆಲ್ಬಂ ಪೂರ್ತಿ ಚೆನ್ನಾಗಿದೆ ಅಂತ ನಾನು ಹೇಳಲ್ಲ. ಇಂಗ್ಲಿಷ್ ಹಾಡುಗಳು ನನ್ನ ಮಟ್ಟಿಗೆ ತೆಳು. ಅವು ಯಾವ ಊರಿನ ಹುಡುಗನಾದರೂ ಬರೀಬಹುದಾದ ಹಾಡು. 'ಮೈಸೂರ್ ಸೇ ಆಯಿ' ಕುಣಿಯೋಕೆ ಚೆಂದ, ಮೂರನೇ ಸಲಕ್ಕೆ ಸಾಕಾಗುತ್ತೆ. ಶರೀಫರ ಪದ ಶುರುವಾದಾಗ ಮಾತ್ರ ತಂಡದ ಕಾಲು ನೆಲಕ್ಕೆ ಮುಟ್ಟಿದಂಗೆ ಅನಿಸುತ್ತೆ. ಇನ್ನೊಂದು ಮಾತನ್ನೂ ಒಪ್ಪಬೇಕು. ಭಜನಿ ಮನೆಯಲ್ಲಿ ತತ್ವಪದ ಹಾಡೋರು ಅದನ್ನ ಬಾಳ್ತಾರೆ, ಹಾಡಿನ ನಡುವೆ ನಿಲ್ಲಿಸಿ ಅರ್ಥ ಬಿಡಿಸ್ತಾರೆ, ಒಂದೇ ಪದದ ಮೇಲೆ ಅರ್ಧ ತಾಸು ವಾದ ಮಾಡ್ತಾರೆ. ನಾಲ್ಕೈದು ನಿಮಿಷದ ಟ್ರ್ಯಾಕಿನಲ್ಲಿ ಅದಕ್ಕೆ ಜಾಗ ಇಲ್ಲ. ಗಿಟಾರ್ ಬಂದಾಗ ಒಂದಿಷ್ಟು ಸಿಕ್ಕಿತು, ಒಂದಿಷ್ಟು ಹೋಯ್ತು.

ನನಗೆ ಕಳವಳ ಇರೋದು ಈ ಹೋದದ್ದರ ಬಗ್ಗೆ.

ಶರೀಫರಿಗೆ ಅಶ್ವತ್ಥ್ ಸಿಕ್ಕರು, ನಾಗಾಭರಣ ಸಿಕ್ಕರು, ರಘು ದೀಕ್ಷಿತ್ ಸಿಕ್ಕರು. ನಮ್ಮ ಕಡೆಯವರಿಗೆ? ಕಲಬುರಗಿ ಜಿಲ್ಲೆಯ ಕಡಕೋಳದ ಮಡಿವಾಳಪ್ಪನವರ ಪದ ನಿಮ್ಮ ಪ್ಲೇಲಿಸ್ಟಿನಲ್ಲಿ ಇದೆಯಾ? ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರ ಹೆಸರು ಕೇಳಿದೀರಾ? ಮಾಣಿಕಪ್ರಭುಗಳ ಒಂದು ಕನ್ನಡ ಪದ ನಿಮಗೆ ಬಾಯಿಗೆ ಬರುತ್ತಾ? ಭಜನಿ ಮೇಳದಲ್ಲಿ ಈ ಪದ ಗೊತ್ತಿರೋರಿಗೆ ಈಗ ಅರವತ್ತು, ಎಪ್ಪತ್ತು ವಯಸ್ಸು. ಅವರ ಮೊಮ್ಮಕ್ಕಳ ಕೈಯಲ್ಲಿ ಒಳ್ಳೆ ಮೈಕ್ ಇರೋ ಫೋನ್ ಇದೆ, ಆದರೆ ಇದು ನಮ್ಮ ವಯಸ್ಸಿನವರ ಸಂಗೀತ ಅಲ್ಲ ಅನ್ನೋ ಭಾವನೆನೂ ಇದೆ. ಈ ಆಲ್ಬಂ ಆ ಭಾವನೆಯನ್ನ ಅಲುಗಾಡಿಸುತ್ತೆ. ಮೈಸೂರಿನ ಒಬ್ಬ ಸೈನ್ಸ್ ಹುಡುಗ ಹಾವೇರಿ ಕಡೆಯ ಸಂತನನ್ನ ತನ್ನವನು ಅಂತ ಹಾಡಬಹುದಾದರೆ, ಹುಮನಾಬಾದಿನ ಹುಡುಗ ಹುಡುಗಿಯರಿಗೆ ಪಕ್ಕದ ಮಾಣಿಕನಗರ ಯಾಕೆ ದೂರ?

ಈಗ ಅಂಗಡಿಯ ಸಾಲು ಇಲ್ಲ, ಫೋಲ್ಡರ್ ಇಲ್ಲ ಅಂತ ನೀವು ಅನ್ನಬಹುದು. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಮೊದಲು ಕೇಳೋದೇ, ನಿಮ್ಮ ಭಾಷೆ ಯಾವುದು ಆಯ್ಕೆ ಮಾಡ್ರಿ ಅಂತ. ನೀವು ಕನ್ನಡ ಒತ್ತುತ್ತೀರಿ. ಸಿನಿಮಾ ಹಾಡು ಬರ್ತವೆ. ಹಳೇ ಅಂಗಡಿಯವನೇ ಬೇರೆ ಅಂಗಿ ಹಾಕ್ಕೊಂಡು ಬಂದು ಕೂತಿದಾನೆ. ಅದಕ್ಕೇ ಹುಡುಕಿ ಕೇಳಬೇಕು.

ಈ ವಾರ ಮಾಡಬೇಕಾದ ಕೆಲಸ ಎರಡು. ಒಂದು, ಈ ಆಲ್ಬಮ್ಮನ್ನ ಶಫಲ್ ಬಂದ್ ಮಾಡಿ, ಮೊದಲ ಹಾಡಿಂದ ಸಾಲಾಗಿ ಕೇಳ್ರಿ. ಭಾಷೆ ಬದಲಾಗೋ ಜಾಗದಲ್ಲಿ ನಿಮಗೆ ಏನನಿಸ್ತು ಗಮನಿಸ್ರಿ. ಕೇಳಿ ಮುಗಿದ ಮೇಲೆ ಅಶ್ವತ್ಥ್ ಅವರ ಮಾಳಿಗೆಯನ್ನೂ ಕೇಳ್ರಿ, ಯಾವುದು ಮೇಲು ಅಂತಲ್ಲ, ಯಾವ ಸಾಲನ್ನ ಯಾರು ಒತ್ತಿ ಹಾಡಿದಾರೆ ಅಂತ.

ಎರಡನೇದು, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಪದ ಹಾಡೋ ಹಿರಿಯರು ಇದ್ದರೆ, ಅವರ ಒಪ್ಪಿಗೆ ತಗೊಂಡು ರೆಕಾರ್ಡ್ ಮಾಡ್ರಿ. ಫ್ಯಾನ್ ಬಂದ್ ಮಾಡ್ರಿ, ಫೋನನ್ನ ಏರೋಪ್ಲೇನ್ ಮೋಡಿಗೆ ಹಾಕ್ರಿ, ಬಾಯಿಂದ ಒಂದು ಮೊಳ ದೂರ ಇಡ್ರಿ. ಹಾಡಿದವರ ಹೆಸರು, ಊರು, ತಾರೀಖು, ಈ ಪದ ಯಾರಿಂದ ಕಲಿತಿರಿ ಅನ್ನೋದನ್ನ ಅವರ ದನಿಯಲ್ಲೇ ಹೇಳಿಸ್ರಿ. ನಡುವೆ ಅವರು ಹಾಡು ನಿಲ್ಲಿಸಿ ಅರ್ಥ ಹೇಳೋಕೆ ಶುರುಮಾಡಿದರೆ ರೆಕಾರ್ಡಿಂಗ್ ನಿಲ್ಲಿಸಬೇಡ್ರಿ. ಟ್ರ್ಯಾಕಿನಲ್ಲಿ ಹಿಡಿಯದೆ ಹೋದದ್ದು ಅದೇ.

ನೀವು ಕಳಿಸಿದ್ದರಲ್ಲಿ, ಹಾಡಿದವರು ಹೂಂ ಅಂದರೆ, ಕೆಲವನ್ನ ಮುಂದೊಂದು ಎಪಿಸೋಡಿನಲ್ಲಿ ಹಾಕ್ತೀನಿ. ಕನ್ನಡದ್ದಾದರೂ ಸರಿ, ಮರಾಠಿ, ದಖನಿ, ತೆಲುಗಿನದಾದರೂ ಸರಿ. ಒಂದೇ ಎಪಿಸೋಡಿನಲ್ಲಿ ಎಲ್ಲವೂ ಇರುತ್ತೆ.